ಬಾಗಿದ ಮೇಣದಬತ್ತಿ, ಹರಿಯುವ ಉಪ್ಪು



ಈ ಸಲ ಗರಿಗಳ ಭಾನುವಾರದ ಹಿಂದಿನ ದಿನ ದೇವಾಲಯ ಸ್ವಚ್ಛ ಮಾಡುವ ಪಾಳಿ ನಮ್ಮ ವಾರ್ಡಿನದಾಗಿತ್ತು. ಅಕ್ಕ ತಮ್ಮ ಇಬ್ಬರೂ ಹೋಗಿದ್ದೆವು. ಪೂಜಾ ಸಾಮಗ್ರಿಗಳ ಕೋಣೆಯಲ್ಲಿ, ತಗಡಿನ ಮಾಡಿನ ಕೆಳಗಿನ ಅಟ್ಟದ ಮೇಲೆ ಹೋದ ವರ್ಷದ ನಾಲ್ಕು ದೊಡ್ಡ ಮೇಣದಬತ್ತಿಗಳು ಉಳಿದಿದ್ದವು. ಯಾರೋ ಅವನ್ನು ಎರಡು ಮರದ ಪಟ್ಟಿಗಳ ಮೇಲೆ ಅಡ್ಡಲಾಗಿ ಇಟ್ಟಿದ್ದರು. ಇಳಿಸಿ ನೋಡಿದರೆ ನಾಲ್ಕೂ ಬಿಲ್ಲಿನ ಹಾಗೆ ಬಾಗಿದ್ದವು. ಅವುಗಳ ಮೇಲೆ ಏನೂ ಭಾರ ಇರಲಿಲ್ಲ. ತಮ್ಮದೇ ತೂಕಕ್ಕೆ, ಫೆಬ್ರವರಿ ಮಾರ್ಚಿನ ಬಿಸಿಲಿಗೆ, ಯಾರೂ ನೋಡದ ಹೊತ್ತಿನಲ್ಲಿ ಅವು ಬಾಗಿದ್ದವು. ಒಂದರಲ್ಲೂ ಬಿರುಕಿರಲಿಲ್ಲ.

ನಮ್ಮ ಜೊತೆಗಿದ್ದ ಒಬ್ಬ ಹುಡುಗ ಅವಸರದಲ್ಲಿ ಒಂದನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಲು ಹೋದ. ಟಕ್ಕೆಂದು ಮುರಿಯಿತು. ಒಳಗಿನ ಬತ್ತಿ ಮಾತ್ರ ಎರಡು ತುಂಡುಗಳನ್ನೂ ಹಿಡಿದುಕೊಂಡು ತೂಗಾಡುತ್ತಿತ್ತು. ಕಪ್ಯಾರ್ ಚೇಟ್ಟ ಬೈಯಲಿಲ್ಲ. ಉಳಿದ ಮೂರನ್ನು ತೆಗೆದುಕೊಂಡು ಹೋಗಿ ಬಿಸಿಲಿನಲ್ಲಿದ್ದ ಹಲಗೆಯ ಮೇಲೆ, ಉಬ್ಬು ಮೇಲೆ ಬರುವ ಹಾಗೆ ಇಟ್ಟು, ಮೇಲೊಂದು ಒದ್ದೆ ಬಟ್ಟೆ ಹಾಕಿ, "ಇರಲಿ, ಅವಕ್ಕೆ ಹೊತ್ತು ಕೊಡಿ" ಎಂದರು. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದಾಗ ಮುಕ್ಕಾಲು ಭಾಗ ನೆಟ್ಟಗಾಗಿದ್ದವು.

ಒಂದೇ ಮೇಣ, ಅವಸರದ ಕೈಗೆ ಮುರಿಯಿತು, ನಿಧಾನದ ಭಾರಕ್ಕೆ ಬಾಗಿತು. ನಮ್ಮಲ್ಲಿ ಒಬ್ಬಳು ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ, ಇನ್ನೊಬ್ಬ ಇಲ್ಲೇ ಪ್ಲಸ್ ಟು. ಮನೆಗೆ ನಡೆದು ಬರುವಾಗ ಮೇಣದಿಂದ ಶುರುವಾದ ಮಾತು ಉಪ್ಪಿಗೆ ಬಂದು ನಿಂತಿತು. ತಪಸ್ಸುಕಾಲದ ಯುವಜನ ಕೂಟದಲ್ಲಿ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದ ಬಗ್ಗೆ ನಾವಿಬ್ಬರೂ ಮಾತಾಡಿದ್ದೆವು. ಪ್ರಭು ಯೇಸು ಶಿಷ್ಯರನ್ನು ಉಪ್ಪಿಗೆ ಹೋಲಿಸುವ ಭಾಗ ಅದು. ರುಚಿ ಕೊಡುವುದು, ಕೆಡದಂತೆ ಕಾಯುವುದು ಎಂದು ಎಲ್ಲರೂ ಹೇಳುವುದನ್ನೇ ನಾವೂ ಹೇಳಿ ಕುಳಿತಿದ್ದೆವು. ಉಪ್ಪಿನ ಇನ್ನೊಂದು ಗುಣ ಆಗ ನಮಗೆ ಹೊಳೆದೇ ಇರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ, ಅದರ ಜೊತೆ ನಮ್ಮ ಮನೆಯ ಒಂದು ವಿಷಯವನ್ನೂ. ಬರೆಯಬಹುದೇ ಎಂದು ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇವೆ.

ಮರಕ್ಕಡವಿನ ಯಾವ ಅಡುಗೆಮನೆಯಲ್ಲಾದರೂ ಉಪ್ಪಿನ ಭರಣಿ ಇರುತ್ತದೆ. ಅದರಲ್ಲಿರುವುದು ಕಲ್ಲುಪ್ಪು. ಹೆಸರಲ್ಲಿ ಕಲ್ಲಿದ್ದರೂ ಅದು ಸಮುದ್ರದ ನೀರನ್ನು ಗದ್ದೆಗಳಲ್ಲಿ ಒಣಗಿಸಿ ತೆಗೆದದ್ದು. ನಿಜವಾಗಿ ಕಲ್ಲಾಗಿರುವ ಉಪ್ಪು ಬೇರೆ. ನಮ್ಮ ಕಡೆ ವೈದ್ಯಶಾಲೆಯಲ್ಲಿ ಇಂದುಪ್ಪು ಎಂದು ಕೇಳಿದರೆ ಕೊಡುತ್ತಾರೆ, ಕನ್ನಡದಲ್ಲಿ ಸೈಂಧವ ಲವಣ. ಸಿಂಧೂ ನದಿಯ ಕಡೆಯಿಂದ ಬಂದದ್ದು ಎಂದು ಹೆಸರೇ ಹೇಳುತ್ತದೆ. ಬಹುಕಾಲ ಅದರಲ್ಲಿ ಹೆಚ್ಚಿನದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯದ್ದಾಗಿತ್ತು. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ, ಗುಮ್ಮಾ ಮತ್ತು ದ್ರಂಗ್ ಎಂಬಲ್ಲಿ ಇದೆ. ಕೇರಳದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರಗಳು ಬತ್ತಿ, ಉಳಿದ ಉಪ್ಪಿನ ಮೇಲೆ ಮಣ್ಣು ಮರಳು ಬಿದ್ದು ಬಿದ್ದು ಮುಚ್ಚಿಹೋದ ಜಾಗಗಳಲ್ಲಿ ಮಾತ್ರ ಅದು ಸಿಗುತ್ತದೆ.

ಅಕ್ಕನ ಬಳಿ ಗುಲಾಬಿ ಬಣ್ಣದ ಅಂಥ ಒಂದು ತುಂಡಿದೆ. ಸುತ್ತಿಗೆಯಿಂದ ಬಡಿದರೆ ಚೌಕ ಚೌಕವಾಗಿ ಒಡೆಯುತ್ತದೆ. ಮುಟ್ಟಿದರೆ ಕಲ್ಲು, ನೋಡಿದರೆ ಗಾಜು. ಆದರೆ ಇದೇ ಉಪ್ಪನ್ನು ನೆಲದೊಳಗೆ ಒಂದೆರಡು ಕಿಲೋಮೀಟರ್ ಆಳದಲ್ಲಿ, ಮೇಲಿನ ಪದರಗಳ ಭಾರದ ಕೆಳಗೆ, ಭೂಮಿಯ ಒಳಗಿನ ಬಿಸಿಯಲ್ಲಿ ಇಟ್ಟರೆ ಅದು ಒಡೆಯುವುದಿಲ್ಲ, ಹರಿಯುತ್ತದೆ. ಕರಗಿ ಹರಿಯುವುದಲ್ಲ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ, ಗಟ್ಟಿಯಾಗಿಯೇ ಇದ್ದುಕೊಂಡು, ಅಂಗುಲ ಅಂಗುಲವಾಗಿ ಜಾಗ ಬದಲಿಸುತ್ತದೆ. ಇದಕ್ಕೆ ಭೂವಿಜ್ಞಾನದವರು ಕ್ರೀಪ್ ಎನ್ನುತ್ತಾರೆ. ತೆವಳುವುದು ಎಂದುಕೊಳ್ಳಿ.

ಗಟ್ಟಿ ವಸ್ತು ಹೇಗೆ ತೆವಳುತ್ತದೆ ಎಂದು ತಮ್ಮ ಕೇಳಿದ. ಅಂಗಳದಲ್ಲಿ ಕಾಳುಮೆಣಸು ಒಣಗಿಸುವ ದೊಡ್ಡ ಟಾರ್ಪಾಲು ಗೊತ್ತಲ್ಲ. ಅದನ್ನು ಪೂರ್ತಿಯಾಗಿ ಎಳೆಯಲು ಇಬ್ಬರಿಂದಲೂ ಆಗುವುದಿಲ್ಲ. ಆದರೆ ಒಂದು ಅಂಚಿನಲ್ಲಿ ಒಂದು ಸುಕ್ಕು ಮಾಡಿ, ಆ ಸುಕ್ಕನ್ನು ಕಾಲಿನಿಂದ ಈ ತುದಿಯಿಂದ ಆ ತುದಿಗೆ ತಳ್ಳಿದರೆ ಟಾರ್ಪಾಲು ಒಂದು ಗೇಣು ಸರಿದಿರುತ್ತದೆ. ಉಪ್ಪಿನ ಹರಳಿನೊಳಗೆ ಪರಮಾಣುಗಳು ಸಾಲು ಸಾಲಾಗಿ ಕುಳಿತಿವೆ. ಎಲ್ಲ ಸಾಲೂ ನೂರಕ್ಕೆ ನೂರು ಸರಿಯಾಗಿರುವುದಿಲ್ಲ, ಅಲ್ಲಲ್ಲಿ ಒಂದೊಂದು ತಪ್ಪಿದ ಸಾಲು ಇರುತ್ತದೆ. ಒತ್ತಡ ಬಿದ್ದಾಗ ಆ ತಪ್ಪಿದ ಜಾಗವೇ ಸುಕ್ಕಿನ ಹಾಗೆ ಹರಳಿನ ಮೂಲಕ ಸಾಗುತ್ತದೆ, ಹರಳು ಒಡೆಯದೆ ಆಕಾರ ಬದಲಿಸುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಓಡಾಟ ಸುಲಭ. ಹರಳಿಗೆ ಬಾಗುವ ಶಕ್ತಿ ಬರುವುದು ಅದರ ಕೊರತೆಯಿಂದಲೇ ಎಂದು ಅಕ್ಕ ಹೇಳಿದಾಗ ತಮ್ಮ ನಂಬಲಿಲ್ಲ, ಪಠ್ಯಪುಸ್ತಕ ತೋರಿಸಬೇಕಾಯಿತು.

ಇನ್ನೊಂದು ದಾರಿ ನೀರಿನದು. ಮಳೆಗಾಲದಲ್ಲಿ ನಮ್ಮ ಭರಣಿಯ ಉಪ್ಪು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದಲ್ಲ, ಅಮ್ಮ ಚಮಚದ ಹಿಡಿಯಿಂದ ಕುಟ್ಟಿ ಬಿಡಿಸುತ್ತಾರಲ್ಲ, ಅದಕ್ಕೆ ಹತ್ತಿರದ ಸಂಗತಿ ಇದು. ಕಲ್ಲುಪ್ಪಿನ ಹರಳುಗಳ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಉಪ್ಪುನೀರು ಸಿಕ್ಕಿಕೊಂಡಿರುತ್ತದೆ. ಹರಳಿಗೆ ಹರಳು ಬಲವಾಗಿ ಒತ್ತುವ ಕಡೆ ಉಪ್ಪು ಆ ನೀರಿನಲ್ಲಿ ಕರಗುತ್ತದೆ, ಒತ್ತಡ ಕಡಿಮೆಯಿರುವ ಕಡೆ ಹೋಗಿ ಮತ್ತೆ ಹರಳಾಗಿ ಕೂರುತ್ತದೆ. ಹೀಗೆ ಬಿರುಕುಗಳೂ ತುಂಬಿಕೊಳ್ಳುತ್ತವೆ. ಪೂರ್ತಿ ಒಣಗಿದ ಉಪ್ಪಿಗಿಂತ ಸ್ವಲ್ಪ ತೇವ ಇರುವ ಉಪ್ಪು ಬೇಗ ತೆವಳುತ್ತದೆ, ತಂಪಿನಲ್ಲೂ ತೆವಳುತ್ತದೆ.

ಇರಾನಿನ ದಕ್ಷಿಣದಲ್ಲಿ ಜಾಗ್ರೋಸ್ ಬೆಟ್ಟಸಾಲು ಇದೆ. ಅಲ್ಲಿ ಈ ತೆವಳುವಿಕೆ ಬರಿಗಣ್ಣಿಗೆ ಕಾಣುತ್ತದೆ. ಒಂದು ಘನ ಸೆಂಟಿಮೀಟರ್ ಉಪ್ಪಿನ ತೂಕ ಸುಮಾರು 2.2 ಗ್ರಾಂ. ಆಳಕ್ಕೆ ಹೋದಂತೆ ಸುತ್ತಲಿನ ಮಣ್ಣು ಮರಳಿನ ಪದರಗಳು ಒತ್ತಿ ಒತ್ತಿ ಅದಕ್ಕಿಂತ ಭಾರವಾಗುತ್ತವೆ, ಉಪ್ಪು ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಅದು ಮೇಲಕ್ಕೆ ದಾರಿ ಹುಡುಕುತ್ತದೆ. ದುರ್ಬಲವಾದ ಕಡೆ ಪದರಗಳನ್ನು ತಳ್ಳಿ, ಗೋಪುರದ ಹಾಗೆ ಏರಿ, ಬೆಟ್ಟದ ತಲೆ ಒಡೆದು ಹೊರಬರುತ್ತದೆ. ಆಮೇಲೆ ಹಿಮನದಿಯಂತೆ ಇಳಿಜಾರಿನಲ್ಲಿ ಹರಿಯುತ್ತದೆ. ಉಪಗ್ರಹದಿಂದ ತೆಗೆದ ಚಿತ್ರಗಳಲ್ಲಿ ಅದು ಬೆಟ್ಟದ ಮೇಲೆ ದೋಸೆ ಹಿಟ್ಟು ಸುರಿದ ಹಾಗೆ ಕಾಣುತ್ತದೆ. ಅಲ್ಲಿಗೆ ಗೂಟ ನೆಟ್ಟು ಅಳೆದವರು 1980ರಲ್ಲಿ ಬರೆದ ವಿಷಯ ಇನ್ನೂ ಚೆನ್ನಾಗಿದೆ. ಆ ಉಪ್ಪಿನ ನದಿ ವರ್ಷವಿಡೀ ಒಂದೇ ಸಮನೆ ಹರಿಯುವುದಿಲ್ಲ. ಬೇಸಿಗೆಯಲ್ಲಿ ಸುಮ್ಮನಿರುತ್ತದೆ, ಮಳೆ ಬಂದು ನೆನೆದ ಮೇಲೆ ಸರಿಯುತ್ತದೆ.

ಬೈಬಲ್ ಓದುವ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮೃತ ಸಮುದ್ರದ ದಡದಲ್ಲಿದೆ. ಸೊದೋಮ್ ಬೆಟ್ಟ ಎಂದು ಅದರ ಹೆಸರು. ಬೆಟ್ಟವಿಡೀ ಹೆಚ್ಚುಕಡಿಮೆ ಉಪ್ಪೇ. ನೆಲದಾಳದಿಂದ ಹಿಂಡಿಕೊಂಡು ಮೇಲೆದ್ದದ್ದು, ಈಗಲೂ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಏರುತ್ತಿದೆ. ಅದರೊಳಗಿನ ಮಲ್ಹಾಮ್ ಎಂಬ ಗುಹೆಯನ್ನು ಅಳೆದು 2019ರಲ್ಲಿ ಹತ್ತು ಕಿಲೋಮೀಟರ್ ಉದ್ದ, ಲೋಕದಲ್ಲೇ ಅತಿ ಉದ್ದದ ಉಪ್ಪಿನ ಗುಹೆ ಎಂದು ಹೇಳಿದರು. ಅಲ್ಲಿ ನಿಂತಿರುವ ಒಂದು ಉಪ್ಪಿನ ಕಂಬವನ್ನು ಪ್ರವಾಸಿಗರಿಗೆ ಲೋಟನ ಹೆಂಡತಿ ಎಂದು ತೋರಿಸುತ್ತಾರೆ. ಆದಿಕಾಂಡದ 19ನೇ ಅಧ್ಯಾಯದಲ್ಲಿ ಹಿಂತಿರುಗಿ ನೋಡಿ ಉಪ್ಪಾದವಳು. ಅಲುಗಾಡದೆ ನಿಂತುಹೋದವಳ ಕಥೆ ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅವಳ ಕಾಲ ಕೆಳಗಿನ ಬೆಟ್ಟ ಮಾತ್ರ ನಿಂತೇ ಇಲ್ಲ.

ಉಪ್ಪಿನೊಳಗೆ ಗಣಿ ತೋಡಿದವರಿಗೂ ಇದು ಗೊತ್ತು. ಪೋಲೆಂಡಿನ ವ್ಯೆಲೀಚ್ಕಾ ಗಣಿಯಲ್ಲಿ ನೆಲದಿಂದ 101 ಮೀಟರ್ ಕೆಳಗೆ ಸಂತ ಕಿಂಗಾಳ ಪ್ರಾರ್ಥನಾ ಮಂದಿರವಿದೆ. ಗಣಿ ಕಾರ್ಮಿಕರೇ 1890ರ ದಶಕದಿಂದ ಸುಮಾರು ಎಪ್ಪತ್ತು ವರ್ಷ ಕೆತ್ತಿದ್ದು. ಪೀಠ, ನೆಲ, ತೂಗುದೀಪದ ಹರಳುಗಳು, ಗೋಡೆಯ ಮೇಲಿನ ಕಡೆಯ ಭೋಜನದ ಕೆತ್ತನೆ ಎಲ್ಲವೂ ಉಪ್ಪು. ಕಿಂಗಾಳನ್ನು 1999ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಸಂತಳೆಂದು ಘೋಷಿಸಿದರು. ಆ ಗಣಿಯ ಹಳೆಯ ಕೋಣೆಗಳಲ್ಲಿ ಆನೆಕಾಲಿನಷ್ಟು ದಪ್ಪದ ಮರದ ದಿಮ್ಮಿಗಳನ್ನು ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಅವುಗಳಲ್ಲಿ ಕೆಲವು ಉಪ್ಪಿನ ಒತ್ತಡಕ್ಕೆ ಬಾಗಿ ಸೀಳಿವೆ. ಒಳಗೆ ಬರುವ ತೇವದಿಂದ ಕೆತ್ತನೆಗಳು ಕರಗುತ್ತಿದ್ದುದರಿಂದ 1989ರಿಂದ 1998ರವರೆಗೆ ಯುನೆಸ್ಕೋದವರು ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಇಟ್ಟಿದ್ದರು. ತೇವ ಒಂದು ಕಡೆ ಗಾಯ ಮುಚ್ಚುತ್ತದೆ, ಇನ್ನೊಂದು ಕಡೆ ಸಂತರ ಮುಖವನ್ನೇ ಅಳಿಸುತ್ತದೆ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಕಾರ್ಲ್ಸ್‌ಬ್ಯಾಡ್ ಊರಿನ ಹತ್ತಿರ, 1999ರಿಂದ ಅಣ್ವಸ್ತ್ರ ಕಾರ್ಯದ ವಿಕಿರಣ ತ್ಯಾಜ್ಯವನ್ನು 655 ಮೀಟರ್ ಆಳದ ಉಪ್ಪಿನ ಪದರದಲ್ಲಿ ಇಡುತ್ತಿದ್ದಾರೆ. ಉಪ್ಪು ಸುಮ್ಮನೆ ಕೂರುವುದಿಲ್ಲ ಎಂಬುದೇ ಆ ಜಾಗ ಆರಿಸಲು ಕಾರಣ. ತೋಡಿದ ಕೋಣೆಗಳು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ತಾವಾಗಿಯೇ ಕಿರಿದಾಗುತ್ತವೆ. ಕೆಲಸ ಮುಗಿಯುವವರೆಗೆ ಕಾರ್ಮಿಕರು ಛಾವಣಿಗೆ ಬೋಲ್ಟ್ ಬಿಗಿಯಬೇಕು, ಉಬ್ಬಿದ ನೆಲ ಕೆತ್ತಬೇಕು. ಬಿಟ್ಟುಹೋದ ಮೇಲೆ ಉಪ್ಪು ಆ ಪೀಪಾಯಿಗಳನ್ನು ಸುತ್ತಿ ಅಪ್ಪಿ ಮುಚ್ಚಿಬಿಡುತ್ತದೆ. ಅದೇ ದೇಶ 1975ರ ಕಾನೂನಿನ ನಂತರ ತುರ್ತಿನ ಕಚ್ಚಾತೈಲವನ್ನೂ ಟೆಕ್ಸಾಸ್, ಲೂಯಿಸಿಯಾನಾಗಳ ಉಪ್ಪಿನ ಗುಮ್ಮಟಗಳೊಳಗೆ ಇಟ್ಟಿದೆ. ನಮ್ಮಲ್ಲಿ ಅದೇ ಕೆಲಸಕ್ಕೆ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಕಡೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ನೆಲಮಾಳಿಗೆಗಳಿವೆ. ಅವು ಗಟ್ಟಿ ಬಂಡೆಯಲ್ಲಿ ಕೊರೆದವು. ಬಂಡೆಯ ಬಿರುಕು ತಾನಾಗಿ ಮುಚ್ಚುವುದಿಲ್ಲ, ಆದ್ದರಿಂದ ಸುತ್ತಲಿನ ಬಂಡೆಯಲ್ಲಿ ನೀರಿನ ಒತ್ತಡ ಕಾಯ್ದುಕೊಂಡು, ತೈಲ ಹೊರಗೆ ಸೋರದಂತೆ ತಡೆಯಬೇಕು.

ಇಷ್ಟೆಲ್ಲ ಮಾತಾಡಿಕೊಂಡು ಬರುವಾಗ ನಮ್ಮಿಬ್ಬರ ತಲೆಯಲ್ಲೂ ಅಪ್ಪ ಇದ್ದರು. ಇಬ್ಬರೂ ಹೇಳಿರಲಿಲ್ಲ.

2023ರಲ್ಲಿ ಶುಂಠಿಗೆ ಹಿಂದೆಂದೂ ಕೇಳದ ಬೆಲೆ ಬಂದದ್ದು ನಿಮಗೆ ನೆನಪಿರಬೇಕು. ಮುಂದಿನ ವರ್ಷ ಇಲ್ಲಿಯ ಎಷ್ಟೋ ಮನೆಯವರ ಹಾಗೆ ಅಪ್ಪನೂ ಹೊಳೆಯಾಚೆ, ಬೈರಕುಪ್ಪೆಯ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದರು. ಗುತ್ತಿಗೆ ಹಣ ಮುಂಗಡ. ಬೀಜದ ಶುಂಠಿಯನ್ನು ಏರಿದ ಬೆಲೆಗೇ ಕೊಳ್ಳಬೇಕಾಯಿತು. ಸ್ವಲ್ಪ ಬ್ಯಾಂಕಿನದು, ಸ್ವಲ್ಪ ದೊಡ್ಡಪ್ಪನದು, ಉಳಿದದ್ದು ಬಡ್ಡಿಗೆ. ಮಳೆಯಲ್ಲಿ ಒಂದು ಭಾಗಕ್ಕೆ ಕೊಳೆರೋಗ ಬಂತು. ಕಿತ್ತ ಹೊತ್ತಿಗೆ ಅರವತ್ತು ಕಿಲೋ ಮೂಟೆಯ ಬೆಲೆ ಕೂಲಿ, ಲಾರಿ ಬಾಡಿಗೆಗೂ ಸಾಲದಷ್ಟು ಬಿದ್ದಿತ್ತು.

ಅಪ್ಪ ಗಟ್ಟಿ ಮನುಷ್ಯ ಎಂದು ಊರಿನವರು ಹೇಳುತ್ತಾರೆ. ಆ ದಿನಗಳಲ್ಲಿ ಅವರು ಕೂಗಲಿಲ್ಲ, ಕುಡಿಯಲಿಲ್ಲ, ಯಾರನ್ನೂ ದೂರಲಿಲ್ಲ. ಎಂದಿನಂತೆ ಬೆಳಿಗ್ಗೆ ಕಡವಿಗೆ ಹೋಗಿ ದೋಣಿ ದಾಟುತ್ತಿದ್ದರು. ಆದರೆ ದಿನದಿಂದ ದಿನಕ್ಕೆ ಅವರ ಆಕಾರ ಬದಲಾಗುತ್ತಿತ್ತು. ಊಟ ಅರ್ಧವಾಯಿತು. ಪೂಜೆಗೆ ಬಂದರೂ ಹಿಂದಿನ ಕಂಬದ ಬಳಿ ನಿಂತು, ಪರಮಪ್ರಸಾದಕ್ಕೆ ಮುಂಚೆ ಹೊರಟುಬಿಡುವುದು ಶುರುವಾಯಿತು. ಫೋನು ಬಂದರೆ ಅಂಗಳದ ತುದಿಗೆ ಹೋಗುತ್ತಿದ್ದರು. ಒಂದೊಂದು ದಿನ ನೋಡಿದರೆ ಏನೂ ಬದಲಾಗಿಲ್ಲ, ತಿಂಗಳು ಬಿಟ್ಟು ನೋಡಿದರೆ ಬೇರೆ ಮನುಷ್ಯ.

2024ರ ಕ್ರಿಸ್ಮಸ್ ಊಟಕ್ಕೆ ದೊಡ್ಡಪ್ಪ ಬಂದಿದ್ದರು. ನಾವಿಬ್ಬರೂ ಬುದ್ಧಿವಂತರು ಎಂದುಕೊಂಡು ಒಂದು ಕೆಲಸ ಮಾಡಿದೆವು. ಸಾಲ ಎಷ್ಟು, ಬಡ್ಡಿ ಎಷ್ಟು, ಯಾವ ತೋಟ ಮಾರಬಹುದು, ಯಾರಿಗೆ ಮೊದಲು ಕೊಡಬೇಕು ಎಂದು ಹಾಳೆಯಲ್ಲಿ ಬರೆದುಕೊಂಡು, ಎಲ್ಲರ ಎದುರು ಓದಿದೆವು. ಅಪ್ಪನಿಗೆ ಧೈರ್ಯ ಬರಲಿ, ಇವತ್ತೇ ಒಂದು ತೀರ್ಮಾನ ಆಗಲಿ ಎಂಬುದು ನಮ್ಮ ಉದ್ದೇಶ. ಓದು ಮುಗಿಯುವ ಮೊದಲೇ ಅಪ್ಪ ಎದ್ದರು. ಎದುರಿನ ತಟ್ಟೆ ನೆಲಕ್ಕೆ ಬಿತ್ತು, ಬೇಕೆಂದು ಎಸೆದದ್ದೋ ಕೈ ತಗುಲಿದ್ದೋ ನಮಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಪ್ಪನಿಗೆ ಒಂದು ಮಾತು ಅಂದರು, ದೊಡ್ಡಪ್ಪ ಎರಡು ಅಂದರು. ಅಪ್ಪ ಮನೆ ಬಿಟ್ಟು ಹೋಗಿ ಎರಡು ರಾತ್ರಿ ಹೊಳೆಯಾಚೆಯ ಶುಂಠಿ ಶೆಡ್ಡಿನಲ್ಲಿ ಮಲಗಿದರು. ಆ ಎರಡು ರಾತ್ರಿ ಅಮ್ಮ ದೀಪ ಆರಿಸಲಿಲ್ಲ. ಮೊಣಕಾಲಿಗೆ ಒತ್ತಿ ಮೇಣದಬತ್ತಿ ಮುರಿದ ಹುಡುಗನನ್ನು ನಾವು ಯಾಕೆ ಬೈಯಲಿಲ್ಲ ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಮೂರನೆಯ ದಿನ ಅಮ್ಮ ಬುತ್ತಿ ಕಟ್ಟಿಕೊಂಡು ದೋಣಿ ಹತ್ತಿದರು. ಏನು ಮಾತಾಡಿದಿರಿ ಎಂದು ಕೇಳಿದೆವು. "ಏನಿಲ್ಲ, ಊಟ ಮಾಡಿದ್ರು, ನಾನು ಕೂತಿದ್ದೆ" ಎಂದರು. ಸಂಜೆ ಇಬ್ಬರೂ ಬಂದರು.

ನಾವು ಆಮೇಲೆ ಕಲಿತ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. ಉಪ್ಪಿನ ತುಂಡನ್ನು ಪ್ರಯೋಗಾಲಯದಲ್ಲಿ ಬಿಸಿ ಮಾಡಿ ಒತ್ತಿ ನೋಡುತ್ತಾರೆ. ಒತ್ತಡ ಎರಡು ಪಟ್ಟು ಮಾಡಿದರೆ ತೆವಳುವ ವೇಗವೂ ಎರಡು ಪಟ್ಟಾಗಬೇಕು ಎಂದು ನಮಗೆ ಅನ್ನಿಸುತ್ತದೆ. ಹಾಗಾಗುವುದಿಲ್ಲ. ತಪ್ಪಿದ ಸಾಲುಗಳು ಸಾಗುವ ಬಗೆಯ ತೆವಳುವಿಕೆಯಲ್ಲಿ ವೇಗವು ಒತ್ತಡದ ಸುಮಾರು ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಎರಡನ್ನು ಐದು ಸಲ ಗುಣಿಸಿ, 32. ಹೊರೆ ಎರಡು ಪಟ್ಟಾದರೆ ಬಾಗುವ ವೇಗ 32 ಪಟ್ಟು. ಇದನ್ನೇ ತಿರುಗಿಸಿ ಓದಿದರೆ, ಹೊರೆಯನ್ನು ಅರ್ಧಕ್ಕೆ ಇಳಿಸಿದರೆ ಬಾಗುವ ವೇಗ ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪೂರ್ತಿ ತೆಗೆಯಬೇಕಾಗಿಲ್ಲ.

ಅಪ್ಪ ಉಪ್ಪಲ್ಲ, ಗೊತ್ತು. ಆದರೂ ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದಾಗ ಈ ಲೆಕ್ಕವೇ ಎದುರು ಬರುತ್ತದೆ. ಸಾಲ ಇವತ್ತಿಗೂ ತೀರಿಲ್ಲ. ಆದರೆ ಧರ್ಮಕೇಂದ್ರದ ಒಬ್ಬ ಹಿರಿಯರು, ಅವರದ್ದೂ ಶುಂಠಿಯಲ್ಲಿ ಕೈ ಸುಟ್ಟಿತ್ತು, ಅಪ್ಪನ ಜೊತೆ ಬ್ಯಾಂಕಿಗೆ ಹೋಗಿ ಕಂತು ಮುಂದೂಡಿಸಿದರು. ಲಾರಿಯವರು ಬಾಡಿಗೆಯ ಅರ್ಧ ಮುಂದಿನ ಬೆಳೆಗೆ ಎಂದರು. ನಮ್ಮ ವಾರ್ಡಿನ ಕುಟುಂಬ ಪ್ರಾರ್ಥನೆಯವರು ಒಂದು ಶನಿವಾರ ಬಂದು ತೋಟದ ಕಾಳುಮೆಣಸು ಕೊಯ್ದು ಕೊಟ್ಟು, ಕಪ್ಪ ಮೀನು ಉಂಡು ಹೋದರು, ಪ್ರಾರ್ಥನೆಯನ್ನು ಅಂಗಳದಲ್ಲೇ ಮುಗಿಸಿದರು. ಯಾರೂ ದೊಡ್ಡ ಮೊತ್ತ ಕೊಡಲಿಲ್ಲ. ಅಮ್ಮ ಇಟ್ಟಿದ್ದ ಚೀಟಿ ಹಣದಿಂದ ಬಡ್ಡಿಯ ಸಾಲದಲ್ಲಿ ಸ್ವಲ್ಪ ತೀರಿತು. ಅಷ್ಟಕ್ಕೇ ಅಪ್ಪ ರಾತ್ರಿ ನಿದ್ದೆ ಮಾಡತೊಡಗಿದರು. ಇಷ್ಟು ಕಡಿಮೆಯಿಂದ ಇಷ್ಟು ವ್ಯತ್ಯಾಸ ಹೇಗಾಯಿತು ಎಂದು ಆಗ ನಮಗೆ ಅರ್ಥವಾಗಿರಲಿಲ್ಲ.

ಒಂದು ವಿಷಯದಲ್ಲಿ ನಮಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಕಷ್ಟದಲ್ಲಿರುವವರಿಗೆ ಸಹಿಸಿಕೊಳ್ಳಿ, ಬಗ್ಗಿ ನಡೆಯಿರಿ, ಶಿಲುಬೆ ಹೊರಬೇಕು ಎಂದು ಹೇಳುವುದು ನಮ್ಮ ಕೂಟಗಳಲ್ಲಿ ಬಹಳ ಸುಲಭ. ಉಪ್ಪು ಬಾಗುತ್ತದೆ ಎಂಬುದನ್ನೂ ಹಾಗೆ ಬಳಸಿಬಿಡಬಹುದು. ತಪಸ್ಸುಕಾಲದ ಮಾತಿಗೆ ನಾವೇ ಹಾಗೆ ಬಳಸುತ್ತಿದ್ದೆವೋ ಏನೋ. ಆದರೆ ಬಾಗಿದ್ದು ವಾಪಸ್ಸು ಬರುವುದಿಲ್ಲ. ರಬ್ಬರಿನ ಹಾಗೆ ಕೈಬಿಟ್ಟ ಕೂಡಲೇ ಹಳೆಯ ಆಕಾರಕ್ಕೆ ಮರಳುವ ಗುಣ ತೆವಳಿದ ಉಪ್ಪಿಗೆ ಇಲ್ಲ. ಭಾರ ತೆಗೆದ ಮೇಲೂ ಬಾಗು ಉಳಿಯುತ್ತದೆ. ಶಿಲುಬೆಯ ದಾರಿಯ ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನನು ಪ್ರಭುವಿಗೆ ಉಪದೇಶ ಮಾಡಲಿಲ್ಲ, ಮರದ ಒಂದು ತುದಿ ಹಿಡಿದ. ಅದೂ ಸೈನಿಕರ ಬಲವಂತಕ್ಕೆ.

ಕಳೆದ ಏಪ್ರಿಲಿನಲ್ಲಿ ಹೊಳೆ ಇಳಿದಿದ್ದಾಗ ಅಪ್ಪನ ಜೊತೆ ಕಡವಿನಲ್ಲಿ ಕುಳಿತಿದ್ದೆವು. ಕಬಿನಿ ನಮ್ಮಲ್ಲಿ ಪೂರ್ವಕ್ಕೆ ಹರಿಯುತ್ತದೆ, ಆಚೆ ದಡ ಎಚ್.ಡಿ. ಕೋಟೆ ತಾಲ್ಲೂಕು. ನೀರು ಕಡಿಮೆಯಾದಾಗ ಬಂಡೆಗಳು ತೇಲಿದ ಹಾಗೆ ಹೊರಗೆ ಕಾಣುತ್ತವೆ. ವಯನಾಡಿನ ಬಂಡೆಗಳಲ್ಲಿ ಹೆಚ್ಚಿನವು ನೈಸ್ ಎಂಬ ಜಾತಿಯವು, ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದ ಸಂಬಂಧಿಕರು. ಲಾಲ್‌ಬಾಗಿನ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಇಂಥ ಬಂಡೆಯಲ್ಲಿ ಬಿಳಿ ಕಪ್ಪು ಪಟ್ಟೆಗಳಿರುತ್ತವೆ. ಕೆಲವು ಕಡೆ ಆ ಪಟ್ಟೆಗಳು ಮಡಚಿದ ಸೀರೆಯ ನೆರಿಗೆಯ ಹಾಗೆ ಬಳುಕಿರುತ್ತವೆ. ಅಪ್ಪ ತಮ್ಮ ಚಪ್ಪಲಿಯ ತುದಿಯಿಂದ ಒಂದು ಮಡಿಕೆಯನ್ನು ತೋರಿಸಿ, "ಇದು ಹೇಗೆ ಹೀಗಾಯ್ತು? ನೀರು ಮಾಡಿದ್ದಲ್ಲ" ಎಂದರು. ಎಷ್ಟೋ ತಿಂಗಳ ಮೇಲೆ ಅವರಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಅಕ್ಕ ಹೇಳಿದಳು. ಉಪ್ಪು ನೂರಿನ್ನೂರು ಡಿಗ್ರಿಯಲ್ಲಿ ಚೆನ್ನಾಗಿ ತೆವಳುತ್ತದೆ. ಈ ಬಂಡೆಗೆ ಅದು ಸಾಲದು. ಆದರೆ ಒಂದು ಕಾಲದಲ್ಲಿ ಇದೂ ನೆಲದೊಳಗೆ ಹತ್ತಾರು ಕಿಲೋಮೀಟರ್ ಆಳದಲ್ಲಿತ್ತು, ಅಲ್ಲಿ ಐನೂರು ಆರುನೂರು ಡಿಗ್ರಿಗೂ ಮೇಲೆ ಬಿಸಿ. ಅಲ್ಲಿದ್ದಾಗ ಇದೂ ಮೇಣದಂತೆ ಬಳುಕಿತು. ಮೇಲೆ ಬಂದು ತಣಿದ ಮೇಲೆ ಕಲ್ಲಾಯಿತು, ನೆರಿಗೆ ಹಾಗೇ ಉಳಿಯಿತು. ಅಪ್ಪ ಸ್ವಲ್ಪ ಹೊತ್ತು ಆ ಬಂಡೆಯನ್ನೇ ನೋಡಿದರು. "ಈಗ ಇದರ ಮೇಲೆ ಲಾರಿ ಓಡಿಸಬಹುದು" ಎಂದರು. ಆಮೇಲೆ ದೊಡ್ಡಪ್ಪನಿಗೆ ಫೋನು ಮಾಡಿ ಬೀಜದ ಶುಂಠಿಯ ಬೆಲೆ ಕೇಳಿದರು. ಮಾತು ಒಂದು ನಿಮಿಷವೂ ಇರಲಿಲ್ಲ. ಅವರಿಬ್ಬರ ನಡುವೆ ಎಲ್ಲವೂ ಸರಿಯಾಯಿತು ಎಂದು ಬರೆಯಲಾರೆವು. ಹಬ್ಬಕ್ಕೆ ಈಗಲೂ ದೊಡ್ಡಮ್ಮ ಮಾತ್ರ ಬರುತ್ತಾರೆ. ಆದರೆ ಫೋನು ಬರುತ್ತದೆ, ಅಪ್ಪ ಅದನ್ನು ಅಂಗಳದ ತುದಿಗೆ ಒಯ್ಯುವುದಿಲ್ಲ.

ಯೇಸು ಬೆಟ್ಟದ ಮೇಲೆ ಕುಳಿತು ಮಾತಾಡಿದ್ದು ಅಡುಗೆಮನೆಯ ಉಪ್ಪಿನ ಬಗ್ಗೆಯೇ, ಭೂವಿಜ್ಞಾನದ ಬಗ್ಗೆ ಅಲ್ಲ. ಇದನ್ನು ನಮ್ಮ ಗುರುಗಳಿಗೆ ಹೇಳಿದಾಗ ಅವರು ನಕ್ಕು, ಕೇಳಿಸಿಕೊಂಡವರಲ್ಲಿ ಮೃತ ಸಮುದ್ರದ ಉಪ್ಪನ್ನೇ ತಿಂದವರು ಬಹಳ ಮಂದಿ ಇದ್ದಿರಬೇಕು ಎಂದರು.

ಪಾಸ್ಖ ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಎಲ್ಲರ ಬತ್ತಿಗಳೂ ಹೊತ್ತಿಕೊಂಡವು. ಕಪ್ಯಾರ್ ಚೇಟ್ಟ ಬಿಸಿಲಿಗಿಟ್ಟು ನೆಟ್ಟಗೆ ಮಾಡಿದ್ದ ಮೂರು ದೊಡ್ಡ ಬತ್ತಿಗಳನ್ನು ಪೀಠದ ಒಂದು ಬದಿಗೆ ನಿಲ್ಲಿಸಿದ್ದರು. ಪೂರ್ತಿ ನೆಟ್ಟಗೇನೂ ಇರಲಿಲ್ಲ, ಗೊತ್ತಿದ್ದವರಿಗೆ ಬಾಗು ಕಾಣುತ್ತಿತ್ತು, ಮೇಣ ಒಂದೇ ಪಕ್ಕಕ್ಕೆ ಇಳಿಯುತ್ತಿತ್ತು. ಅಪ್ಪ ಆ ರಾತ್ರಿ ಕಂಬದ ಬಳಿ ನಿಂತಿರಲಿಲ್ಲ. ನಮ್ಮ ಸಾಲಿನಲ್ಲೇ, ಅಮ್ಮನ ಪಕ್ಕ ಇದ್ದರು. ಪೂಜೆ ಮುಗಿದು ಹೊರಗೆ ಬರುವಾಗ ಅವರ ಅಂಗಿಯ ತೋಳಿನ ಮೇಲೆ ಮೇಣದ ಹನಿ ಬಿದ್ದು ಗಟ್ಟಿಯಾಗಿತ್ತು. ಅಮ್ಮ ಉಗುರಿನಿಂದ ಕೆರೆದು ತೆಗೆಯಲು ನೋಡಿದರು. "ಬಿಡು, ಇಸ್ತ್ರಿ ಹಾಕುವಾಗ ತಾನೇ ಬಿಡುತ್ತೆ" ಎಂದು ಅಪ್ಪ ಟಾರ್ಚು ಹಚ್ಚಿ ಮುಂದೆ ನಡೆದರು.